ಅಕ್ಕಸಾಲಿಯ ಕೆನ್ನೆಯ ಉಸಿರು

ನಾನು ಕಾಂಪೌಂಡರ್ ಅನಂತರಾಮು. ಜಯನಗರದಲ್ಲಿ ಡಾಕ್ಟರ್ ರಾಮಪ್ರಸಾದರ ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಔಷಧಿ ಕಲಸಿದವನು. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ. ಚೀಟಿ ಬರೆಯೋನು ನಾನು, ಒಳಗೆ ಬಿಡೋನು ನಾನು, ಬಾಟ್ಲಿಗೆ ಕೆಂಪು ಮಿಕ್ಸ್ಚರ್ ತುಂಬಿ, ಕಾಗದಾನ ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸಿ, ಬೆಳಿಗ್ಗೆ ಒಂದು ಗೆರೆ, ಸಾಯಂಕಾಲ ಒಂದು ಗೆರೆ ಅಂತ ಹೇಳೋನೂ ನಾನೇ. ಹೇಳೋದು ಅಂದ್ರೆ ಸುಮ್ನೆ ಹೇಳೋದಲ್ಲ. ಶಾಪಿನಲ್ಲಿ ನಾನು ಬಾಯಿ ಬಿಟ್ರೆ ಅಶೋಕ ಪಿಲ್ಲರ್ ಹತ್ರ ಬಸ್ಸಿಗೆ ಕಾಯೋರಿಗೂ ಔಷಧಿ ವಿವರ ಗೊತ್ತಾಗ್ತಿತ್ತು ಅಂತ ನಮ್ಮವಳು ಇವತ್ತಿಗೂ ಆಡ್ಕೋತಾಳೆ. ಆಡ್ಕೊಳ್ಳಲಿ. ಈಗ ಹೇಳ್ತಿರೋದು ನನ್ನ ಕಥೆ ಅಲ್ಲ, ವೆಂಕಟಾಚಲಾಚಾರ್ರದು. ಆದ್ರೆ ಅವರ ಕಥೇಲಿ ನಾನು ಮಾಡಿದ ಒಂದು ತಪ್ಪಿದೆ. ಅದನ್ನ ಮುಚ್ಚಿಟ್ಟು ಮಿಕ್ಕಿದ್ದು ಹೇಳೋಕೆ ಮನಸ್ಸು ಒಪ್ಪಲ್ಲ.

ಆಚಾರ್ರು ಕನಕನಪಾಳ್ಯದ ಅಕ್ಕಸಾಲಿ. ಸಣಕಲು ಆಳು, ಹಣೆ ಮೇಲೆ ವಿಭೂತಿ, ಕಿವಿ ಸಂದೀಲಿ ಅರ್ಧ ಸೇದಿದ ಬೀಡಿ. ಮನೆ ಮುಂದಿನ ಪಡಸಾಲೇನೇ ಅಂಗಡಿ. ಹೆಂಡ್ತಿ ಅಂಜನಮ್ಮ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಗಿರಾಕಿಗಳು ಹೆಚ್ಚಾಗಿ ಸಾರಕ್ಕಿ, ಉತ್ತರಹಳ್ಳಿ ಕಡೆ ರೈತರು. ಬಡಾವಣೆಗೆ ಅಂತ ಹೊಲ ಹೋಗ್ತಿದ್ದ ಕಾಲ ಅದು. ಗಂಡಸರ ಕೈಲಿ ದುಡ್ಡು ಕರಗಿ ಹೋಗೋಕೆ ಮುಂಚೆ ಹೆಂಗಸರು ಅದನ್ನ ಚಿನ್ನ ಮಾಡಿಸಿ ಕೊರಳಿಗೆ ಹಾಕ್ಕೊಂಡು ಬಿಡೋರು. ಜಾಣೆಯರು, ನಾನಂತೂ ತಪ್ಪು ಅನ್ನಲ್ಲ. ಚಿನ್ನ ಕೊಟ್ಟವರು ಎದುರಿಗೇ ಚಾಪೆ ಮೇಲೆ ಕೂತು ಕೆಲಸ ಮುಗಿಯೋವರೆಗೂ ನೋಡೋದು ಪದ್ಧತಿ. ಅಕ್ಕನ ಚಿನ್ನಾನೂ ಅಕ್ಕಸಾಲಿ ಬಿಡ ಅಂತ ಗಾದೆ ಇದೆಯಲ್ಲ, ಆಚಾರ್ರೇ ಅದನ್ನ ಹೇಳಿ, ನೋಡ್ಕೊಳ್ರಮ್ಮ ಚೆನ್ನಾಗಿ ನೋಡ್ಕೊಳ್ಳಿ ಅಂತ ನಗೋರು.

ಆ ಕಸುಬಿಗೆ ಕೈ ಎಷ್ಟು ಬೇಕೋ ಉಸಿರೂ ಅಷ್ಟೇ ಬೇಕು. ದೀಪದ ಉರಿಗೆ ಹಿತ್ತಾಳೆ ಊದುಗೊಳವೆ ಹಿಡಿದು ಊದಿದ್ರೆ ಉರಿ ಸೂಜಿಯಷ್ಟು ಸಣ್ಣಗಾಗಿ ಬೆಸುಗೆ ಜಾಗಕ್ಕೇ ತಾಕಬೇಕು. ಗಾಳಿ ಒಂದು ಕ್ಷಣ ನಿಂತ್ರೂ ಬೆಸುಗೆ ಕೆಡುತ್ತೆ. ಅದಕ್ಕೆ ಅವರು ಕೆನ್ನೆ ಉಬ್ಬಿಸಿ ಅಲ್ಲಿ ಗಾಳಿ ಕೂಡಿಹಾಕ್ಕೋತಾರೆ. ಕೆನ್ನೆ ಗಾಳಿ ಕೊಳವೇಲಿ ಹೋಗ್ತಿರೋ ಹಾಗೇ ಮೂಗಲ್ಲಿ ಹೊಸ ಗಾಳಿ ಎಳ್ಕೋತಾರೆ. ಆಚಾರ್ರು ಹಂಗೆ ಊದೋಕೆ ಕೂತ್ರೆ ಒಂದು ಎಲೆ ಅಡಿಕೆ ಹಾಕ್ಕೊಂಡು ಅಗಿದು ಮುಗಿಸೋವಷ್ಟು ಹೊತ್ತು ಬಾಯಿ ತೆಗೀತಿರಲಿಲ್ಲ. ನಾನು ಕಣ್ಣಾರೆ ನೋಡಿದೀನಿ.

ಆ ಹಳ್ಳಿ ಹೆಂಗಸರಲ್ಲಿ ಒಂದು ನಂಬಿಕೆ ಇತ್ತು. ತಾಳಿಗೆ ಬೆಸುಗೆ ಹಾಕುವಾಗ ಆಚಾರಿ ಉಸಿರು ತುಂಡಾಗಬಾರದು, ಆ ಉಸಿರಲ್ಲಿ ರೋಗ ಇರಬಾರದು. ಎದೆ ಕಾಯಿಲೆಯವನ ಬಾಯಿ ಗಾಳಿ ತಾಕಿದ ತಾಳಿ ಯಾರು ಕಟ್ಟಿಸ್ಕೋತಾರೆ? ತಾಳಿ ಕೈ ತಪ್ಪಿದ್ರೆ ಮದುವೆ ಒಡವೆಯೆಲ್ಲಾ ಕೈ ತಪ್ಪಿದ ಹಾಗೆ. ಮನೇಲಿ ಅನ್ನ ಬೇಯ್ತಿದ್ದದ್ದು, ಹೆಣ್ಣುಮಕ್ಕಳ ಮದುವೆ ಆಗಬೇಕಾಗಿದ್ದದ್ದು, ಎಲ್ಲಾ ಆಚಾರ್ರ ಆ ಒಂದು ಉಸಿರಿನ ಮೇಲೆ.

ಅರವತ್ತೊಂದರ ಚಳಿಗಾಲದಲ್ಲಿ ಅಂಜನಮ್ಮ ಅವರನ್ನ ದಬ್ಬಿಕೊಂಡೇ ಶಾಪಿಗೆ ಕರ್ಕೊಂಡು ಬಂದ್ರು.

"ಕೆಮ್ಮು ಎಷ್ಟು ದಿನದಿಂದ?" ಅಂತ ಡಾಕ್ಟ್ರು ಕೇಳಿದ್ರು.

"ದಿನ ಅಲ್ಲ ಬುದ್ಧಿ, ವರ್ಷ. ಬೀಡಿ ಕೆಮ್ಮು. ಬೆಳಿಗ್ಗೆ ಒಂದು ಹೊತ್ತು ಬರುತ್ತೆ, ಕಫ ಬಿದ್ರೆ ಹೋಗುತ್ತೆ."

"ಅಷ್ಟೇ ಅಲ್ಲ ಡಾಕ್ಟ್ರೇ," ಅಂದ್ರು ಅಂಜನಮ್ಮ. "ಮಾರ್ಕೆಟ್ಟಿಂದ ಬರುವಾಗ ಎರಡು ಕಡೆ ನಿಲ್ತಾರೆ. ಯಾಕ್ರೀ ಅಂದ್ರೆ ಅಂಗಡಿ ನೋಡ್ತಿದೀನಿ ಅಂತಾರೆ. ಅಲ್ಲಿ ನೋಡೋಕೆ ಗೋಡೆ ಬಿಟ್ರೆ ಏನೂ ಇಲ್ಲ."

ಡಾಕ್ಟ್ರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದ್ರು, ಬೆನ್ನು ತಟ್ಟಿ ನೋಡಿದ್ರು. ಅವರಿಗೆ ಯಾಕೋ ಅನುಮಾನ. ಯಾವುದೋ ಪರದೇಶದ ಪತ್ರಿಕೇಲಿ ಓದಿದ್ದ ಒಂದು ಪರೀಕ್ಷೆ ಮಾಡೋಣ ಅಂದ್ರು. ಈಗ ಈ ಕಾಯಿಲೆಗೆ ಸಿಓಪಿಡಿ ಅಂತ ಹೆಸರಿಟ್ಟು, ಮೆಷಿನ್ನಿಗೆ ಊದಿಸಿ ಕಾಗದದಲ್ಲಿ ಗೆರೆ ತೆಗೀತಾರೆ. ಆಗ ನಮ್ಮ ಹತ್ರ ಇದ್ದದ್ದು ಬೆಂಕಿಪೊಟ್ಣ. ಗೀರಿದ ಕಡ್ಡೀನ ಬಾಯಿಂದ ಆರಿಂಚು ದೂರ ಹಿಡೀಬೇಕು. ರೋಗಿ ಬಾಯಿ ಅಗಲಕ್ಕೆ ತೆರೆದು, ತುಟಿ ಕೂಡಿಸದೆ, ಗಂಟಲಿಂದ ಗಾಳಿ ಬಿಟ್ಟು ಅದನ್ನ ಆರಿಸಬೇಕು. ಎದೆಯ ಗಾಳಿ ಸಲೀಸಾಗಿ ಆಚೆ ಬಂದ್ರೆ ಕಡ್ಡಿ ಆರುತ್ತೆ, ಒಳಗೇ ಸಿಕ್ಕಿಕೊಂಡಿದ್ರೆ ಆರಲ್ಲ. ಅಷ್ಟೇ ಪರೀಕ್ಷೆ. ಡಾಕ್ಟ್ರು ಅದನ್ನ ಆಚಾರ್ರಿಗೆ ಬಿಡಿಸಿ ಹೇಳಿ ಮುಗಿಸೋ ಹೊತ್ತಿಗೆ ಯಾರೋ ಸುಟ್ಟ ಗಾಯದ ಮಗೂನ ಎತ್ಕೊಂಡು ಬಂದ್ರು. "ಅನಂತು, ನೀನೇ ಮಾಡಿಸು. ಬಾಯಿ ತೆರೆದೇ ಊದಬೇಕು, ಜ್ಞಾಪಕ ಇರಲಿ," ಅಂತ ಹೇಳಿ ಆ ಕಡೆ ಹೋದ್ರು.

ನಾನು ಆಚಾರ್ರನ್ನ ಹೊರಗಿನ ಕೌಂಟರ್ ಹತ್ರ ಕರ್ಕೊಂಡು ಬಂದೆ. ಬೆಂಚ್ ತುಂಬಾ ಜನ. ಕಾಲಲ್ಲಿ ಕುರು ಎದ್ದು ಬಂದಿದ್ದ ಸಾರಕ್ಕಿ ತಿಮ್ಮರಾಯಪ್ಪನೂ ಇದ್ದ, ಆಚಾರ್ರ ಹಳೇ ಗಿರಾಕಿ. ಕಡ್ಡಿ ಗೀರಿ ಹಿಡಿದೆ. ಆಚಾರ್ರು ಒಂದ್ಸಲ ಬೆಂಚಿನ ಕಡೆ ನೋಡಿ ಊದಿದ್ರು. ಕಡ್ಡಿ ಪಟ್ಟಂತ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ನನಗೆ ಖುಷಿಯಾಗಿ, "ಆಚಾರ್ರೇ, ನಿಮ್ಮ ಎದೆ ಗಾಳೀಲಿ ಹಿಟ್ಟಿನ ಗಿರಣಿ ಓಡಿಸಬಹುದು. ನಿಮಗೇನೂ ಕಾಯಿಲೆ ಇಲ್ಲ, ಹೋಗಿ," ಅಂತ ಎಲ್ಲರಿಗೂ ಕೇಳೋ ಹಾಗೆ ಸಾರಿದೆ. ತಿಮ್ಮರಾಯಪ್ಪ, "ನಮ್ ಆಚಾರಿ ಉಸ್ರು ಅಂದ್ರೆ ಸುಮ್ಕೆನಾ," ಅಂದ. ಮುಂದಿನ ತಿಂಗಳು ಅವನ ಮಗಳ ತಾಳಿ ಆಚಾರ್ರ ಕೈಗೇ ಬಂತು.

ನಾನು ನೋಡಿದ್ದು ಕಡ್ಡೀನ. ನೋಡಬೇಕಾಗಿದ್ದದ್ದು ಬಾಯೀನ. ಆಚಾರ್ರು ತುಟಿ ಮುಂದೆ ಮಾಡಿ ಕೆನ್ನೆ ಗಾಳೀಲಿ ಊದಿದ್ರು. ಮೂವತ್ತು ವರ್ಷ ಕೊಳವೆ ಹಿಡಿದ ಕೆನ್ನೆ ಅದು, ಅದಕ್ಕೆ ಎದೆಯ ಸಹಾಯಾನೇ ಬೇಡ. ನಾನು ಚೀಟಿ ಮೇಲೆ 'ಕಡ್ಡಿ ಆರಿತು' ಅಂತ ಬರೆದೆ. ಡಾಕ್ಟ್ರು ಅದನ್ನ ಓದಿ, ಎಕ್ಸ್-ರೇ ಮಾತು ಬಿಟ್ಟು, ಕೆಮ್ಮಿನ ಮಿಕ್ಸ್ಚರ್ ಬರೆದುಕೊಟ್ರು.

ಹಂಗೆ ಮೂರು ವರ್ಷ ಹೋಯ್ತು. ಎದೆ ಗಟ್ಟಿ ಅಂತ ಸರ್ಟಿಫಿಕೇಟ್ ಸಿಕ್ಕ ಮೇಲೆ ಬೀಡಿ ಯಾಕೆ ಬಿಡ್ತಾರೆ? ದಿನಕ್ಕೆ ಒಂದು ಕಟ್ಟು ಸುಡೋರು. ಅದರ ಜೊತೆ ಅಗ್ಗಿಷ್ಟಿಕೆಯ ಇದ್ದಿಲ ಹೊಗೆ, ಚಿನ್ನ ತೊಳೆಯೋ ಆಸಿಡ್ಡಿನ ಆವಿ. ಅರವತ್ಮೂರರಲ್ಲಿ ಹದಿನಾಲ್ಕು ಕ್ಯಾರೆಟ್ ಕಾನೂನು ಬೇರೆ ಬಂತು. ಆ ಚಿನ್ನ ಗಡುಸು, ತಟ್ಟಿದ್ರೆ ಬಿರುಕು ಬಿಡುತ್ತೆ, ಮತ್ತೆ ಮತ್ತೆ ಕಾಯಿಸಬೇಕು, ಮತ್ತೆ ಮತ್ತೆ ಊದಬೇಕು. ಎಷ್ಟೋ ಅಕ್ಕಸಾಲಿಗಳು ಕಸುಬು ಬಿಟ್ಟು ಹೋದ್ರು. ಆಚಾರ್ರು ಬಿಡಲಿಲ್ಲ. ಅಷ್ಟರಲ್ಲಿ ದೊಡ್ಡವಳ ಮದುವೆ ಮುಗಿಸಿದ್ರು, ಮಾರನೇ ವರ್ಷ ಚಿಕ್ಕವಳದ್ದೂ ಮಾಡಿದ್ರು. ಶಾಪಿಗೆ ಬಂದಾಗಲೆಲ್ಲಾ ನಾನು ಗಿರಣಿ ಅಂತ ತಮಾಷೆ ಮಾಡೋನು, ಅವರು ನಗೋರು. ನಕ್ಕ ಮೇಲೆ ಕೌಂಟರ್ ಹಿಡ್ಕೊಂಡು ಸ್ವಲ್ಪ ಹೊತ್ತು ನಿಲ್ಲೋರು. ಅದೂ ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ.

ಅರವತ್ನಾಲ್ಕರ ಡಿಸೆಂಬರಲ್ಲಿ ಒಂದು ಬೆಳಿಗ್ಗೆ ಅಂಜನಮ್ಮ ಒಬ್ಬರೇ ಓಡಿ ಬಂದ್ರು. ಡಾಕ್ಟ್ರು ಬ್ಯಾಗ್ ತಗೊಂಡು ಕಾರು ಹತ್ತಿದ್ರು, ನಾನೂ ಹತ್ತಿದೆ. ಆಚಾರ್ರು ಕೆಲಸದ ಮಣೆ ಮುಂದೆ ಬಗ್ಗಿ, ಎರಡೂ ಕೈ ಮಂಡಿ ಮೇಲೆ ಊರಿ ಕೂತಿದ್ರು. ತುಟಿ ನೇರಳೆ ಬಣ್ಣ. ಪಕ್ಕದಲ್ಲಿದ್ದ ಬೋಗುಣೀಲಿ ಹಸಿರು ಕಫ. ಒಂದು ಮಾತಿಗೆ ಮೂರು ಉಸಿರು. ಡಾಕ್ಟ್ರು ರಕ್ತನಾಳಕ್ಕೆ ಸೂಜಿ ಚುಚ್ಚಿ, ನಿಧಾನಕ್ಕೆ, ಗಡಿಯಾರ ನೋಡ್ಕೊಂಡು ಔಷಧಿ ಬಿಟ್ರು. ಕತ್ತಿನ ನರಗಳು ಎದ್ದು ಕುಣಿಯೋದು ಕಡಿಮೆ ಆಗೋಕೆ ಮುಕ್ಕಾಲು ಗಂಟೆ ಹಿಡೀತು. ನನಗೆ ಗಿರಣಿ ಅಂದಿದ್ದೆನಲ್ಲ ಈ ಎದೇನ ಅಂತ ಒಂದೇ ಯೋಚನೆ.

ಹತ್ತು ದಿನ ಆದ ಮೇಲೆ ಡಾಕ್ಟ್ರು ಶಾಪಿನಲ್ಲಿ ಅವರನ್ನ ಎದುರಿಗೆ ಕೂರಿಸ್ಕೊಂಡು ತಾವೇ ಕಡ್ಡಿ ಗೀರಿದ್ರು. ಆಚಾರ್ರ ತುಟಿ ಕೂಡಿಕೊಳ್ಳೋಕೆ ಹೋದಾಗ, "ಊಹ್ಞೂಂ, ಬಾಯಿ ತೆರೀರಿ. ಇನ್ನೂ. ಹಾ ಅನ್ನಿ," ಅಂದ್ರು. ಆಚಾರ್ರು ಇದ್ದ ಶಕ್ತಿಯೆಲ್ಲಾ ಬಿಟ್ಟು ಊದಿದ್ರು. ಉರಿ ಅಲ್ಲಾಡಲೂ ಇಲ್ಲ. ಕಡ್ಡಿ ಉರಿದು ಡಾಕ್ಟ್ರ ಬೆರಳಿಗೆ ಬಂತು.

"ಅನಂತು," ಅಂದ್ರು ಡಾಕ್ಟ್ರು, ನನ್ನ ಕಡೆ ತಿರುಗಿ. "ಆವತ್ತು ನೀನು ಬಾಯಿ ನೋಡಿದ್ಯಾ?"

"ಇಲ್ಲ ಸಾರ್. ಕಡ್ಡಿ ನೋಡಿದೆ."

ಅವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಗೊತ್ತಾಗಿದ್ರೆ ಆವತ್ತೇ ಬೀಡಿ ಬಿಡಿಸ್ತಿದ್ದೆ. ಕೆಟ್ಟ ಎದೆ ವಾಪಸ್ ಬರಲ್ಲ, ಮಿಕ್ಕಿದ್ದನ್ನ ಉಳಿಸ್ಕೋಬಹುದಾಗಿತ್ತು," ಅಂತ ಮಾತ್ರ ಹೇಳಿದ್ರು. ದೊಡ್ಡಾಸ್ಪತ್ರೇಲಿ ಎಕ್ಸ್-ರೇ ತೆಗೆಸಿದ್ವಿ. ಕ್ಷಯ ಅಲ್ಲ ಅಂತ ಖಾತ್ರಿ ಆಯ್ತು. ಗಾಳಿ ಸಿಕ್ಕಿಕೊಂಡು ಹಿಗ್ಗಿಹೋದ ಎದೆ. ಡಾಕ್ಟ್ರು ಗಂಡ ಹೆಂಡ್ತಿ ಇಬ್ಬರಿಗೂ ಬಾಗಿಲು ಹಾಕ್ಕೊಂಡು ವಿವರಿಸಿದ್ರು. ಗಾಳಿ ಒಳಗೆ ಹೋಗೋದು ಸುಲಭ, ಆಚೆ ಬರೋದು ಕಷ್ಟ. ಇದು ವಾಸಿಯಾಗೋ ಕಾಯಿಲೆ ಅಲ್ಲ, ಜೊತೇಲಿ ಇಟ್ಕೊಂಡು ಬಾಳೋ ಕಾಯಿಲೆ. ಅಂಟೋದಂತೂ ಅಲ್ಲ.

ಬಾಳೋದು ಹೇಗೆ ಅನ್ನೋದನ್ನ ನಾನು ಆ ದಂಪತಿಯಿಂದ ಕಲಿತೆ. ಮೊದಲನೇ ಕೆಲಸ, ಬೀಡಿ. ಅಂಜನಮ್ಮ ಗೂಡಿನಲ್ಲಿದ್ದ ಕಟ್ಟುಗಳನ್ನೆಲ್ಲಾ ನೀರೊಲೆಗೆ ಹಾಕಿ, "ಇನ್ನು ಇದನ್ನ ತಂದ್ರೆ ನಾನು ಮಗಳ ಮನೆಗೆ, ನೀವು ಬೀಡಿ ಜೊತೆ ಸಂಸಾರ ಮಾಡಿ," ಅಂದ್ರು. ಆಚಾರ್ರು ನಾಲ್ಕು ಸಲ ಬಿಟ್ಟು ಐದನೇ ಸಲ ನಿಜವಾಗಿ ಬಿಟ್ರು. ಅಗ್ಗಿಷ್ಟಿಕೆ ಪಡಸಾಲೆಯಿಂದ ಹಿತ್ತಲ ಚಪ್ಪರಕ್ಕೆ ಹೋಯ್ತು. ಊದುಗೊಳವೆ ಬದಲು ಕಾಲಲ್ಲಿ ಒತ್ತೋ ತಿದಿ ಬಂತು. ಅದಕ್ಕೆ ಮಾತ್ರ ಆಚಾರ್ರ ಕಣ್ಣಲ್ಲಿ ನೀರು ಬಂದಿದ್ದು. ತಿದಿ ಒತ್ತೋದು ಕುಲುಮೆ ಕೆಲಸ, ಕುಸುರಿ ಕೆಲಸಕ್ಕೆ ಕಾಲು ತಾಕಿಸೋದೇನು ಅಂತ ಅವರ ಸಂಕಟ.

ಉಸಿರು ಬಿಡೋದನ್ನ ಡಾಕ್ಟ್ರು ಹೇಳಿಕೊಡೋಕೆ ಹೋದ್ರು. ಮೂಗಲ್ಲಿ ಎಳ್ಕೊಂಡು, ತುಟಿ ಸಣ್ಣಗೆ ಮಾಡಿ, ಎಳ್ಕೊಂಡಿದ್ದಕ್ಕಿಂತ ಎರಡರಷ್ಟು ಹೊತ್ತು ನಿಧಾನಕ್ಕೆ ಬಿಡಬೇಕು. ಆಚಾರ್ರು ಒಂದೇ ಸಲಕ್ಕೆ ಮಾಡಿ ತೋರಿಸಿದ್ರು. ಕೊಳವೆ ಇಲ್ಲ ಅನ್ನೋದೊಂದು ಬಿಟ್ರೆ ಮೂವತ್ತು ವರ್ಷ ಮಾಡಿದ್ದು ಅದೇ ತಾನೆ. ನಾವು ಮೋಸ ಹೋಗಿದ್ದೂ ಆ ತುಟಿಯಿಂದಲೇ, ಅವರನ್ನ ಬದುಕಿಸಿದ್ದೂ ಆ ತುಟಿಯೇ. ಅದರ ಜೊತೆ ದಿನಾ ನಡಿಗೆ. ಮೊದಲ ವಾರ ಮನೆಯಿಂದ ಎರಡು ಲೈಟುಕಂಬ, ಆಮೇಲೆ ನಾಲ್ಕು, ಆಮೇಲೆ ಅಶೋಕ ಪಿಲ್ಲರ್ ಸುತ್ತಿ ವಾಪಸ್. ನಡೀಬೇಡಿ ಅಂತ ಬೀದಿಯವರೆಲ್ಲಾ ಬುದ್ಧಿ ಹೇಳೋರು, ನಡೀಲೇಬೇಕು ಅಂತ ಡಾಕ್ಟ್ರು. ಉಬ್ಬಸಕ್ಕೆ ಎಫೆಡ್ರಿನ್ ಮಾತ್ರೆ. ಕಫ ಬೆಳ್ಳಗಿದ್ರೆ ಸುಮ್ಮನಿರಿ, ಹಳದಿಯೋ ಹಸಿರೋ ಆದ್ರೆ ಅವತ್ತೇ ಬನ್ನಿ ಅಂತ ಕಟ್ಟಪ್ಪಣೆ. ಅಂಜನಮ್ಮ ದಿನಾ ಬೆಳಿಗ್ಗೆ ಬೋಗುಣೀನ ಬಿಸಿಲಿಗೆ ಹಿಡಿದು ನೋಡೋರು, ಚಿನ್ನದ ಬಣ್ಣ ನೋಡೋರ ಹಾಗೆ. ಎಷ್ಟೋ ಸಲ ಅವರ ಕಣ್ಣೇ ಆಚಾರ್ರನ್ನ ಉಳಿಸಿದ್ದು.

ಊದುಗೊಳವೆ ಹೋಗಿ ತಿದಿ ಬಂದಿದ್ದು ನೋಡಿ ಗಿರಾಕಿಗಳಲ್ಲಿ ಅರ್ಧ ಜನ ಹೋದ್ರು. ತಾಳಿ ಕೆಲಸ ಪೂರ್ತಿ ನಿಂತೇ ಹೋಯ್ತು. ಸರ ಪೋಣಿಸೋದು, ಓಲೆ ತಿರುಪು ರಿಪೇರಿ, ಕಿವಿ ಚುಚ್ಚೋದು, ಅಷ್ಟರಲ್ಲೇ ಇಬ್ಬರ ಹೊಟ್ಟೆ ತುಂಬ್ತಿತ್ತು. ಹಂಗೆ ಎಂಟು ವರ್ಷ ಬಾಳಿದ್ರು ಅವರು, ಆ ಎದೇಲಿ. ಡಾಕ್ಟ್ರೇ ಆಶ್ಚರ್ಯಪಡೋರು.

ನನಗೆ ಮಾತ್ರ ಒಳಗೆ ಕೊರೀತಿತ್ತು. ಆ ಮೂರು ವರ್ಷ. ಅರವತ್ತೆಂಟರ ಯುಗಾದಿ ಆದ ವಾರ, ಮಾತ್ರೆ ಕೊಡೋ ನೆಪದಲ್ಲಿ ಸೈಕಲ್ ಹತ್ತಿ ಅವರ ಮನೆಗೆ ಹೋದೆ. ಆಚಾರ್ರು ಒಬ್ಬರೇ ಹಿತ್ತಲಲ್ಲಿ ಕೂತಿದ್ರು.

"ಆಚಾರ್ರೇ, ಒಂದು ಮಾತು ಹೇಳಿಬಿಡ್ತೀನಿ. ಆವತ್ತು ಕಡ್ಡಿ ಊದಿಸಿದಾಗ ನಿಮ್ಮ ಬಾಯಿ ನೋಡಬೇಕಾಗಿತ್ತು ನಾನು. ನೋಡಲಿಲ್ಲ. ನಿಮ್ಮ ಮೂರು ವರ್ಷ ಹಾಳಾಗಿದ್ದು ನನ್ನಿಂದ. ಕ್ಷಮಿಸಿಬಿಡಿ," ಅಂದೆ.

ಅವರು ತುಟಿ ಸಣ್ಣಗೆ ಮಾಡಿ ಉಸಿರು ಬಿಟ್ಟು ಮುಗಿಸಿದ್ರು. ಆಮೇಲೆ ಮಾತು, ತುಂಡು ತುಂಡಾಗಿ.

"ನೀವು ನೋಡಲಿಲ್ಲ ಅಂತ್ಲೇ ನಾನು ಬಚಾವಾದೆ ಸ್ವಾಮಿ. ಡಾಕ್ಟ್ರು ಹೇಳಿದ್ದು ನಂಗೆ ಚೆನ್ನಾಗಿ ಅರ್ಥ ಆಗಿತ್ತು. ಬಾಯಿ ತೆರೆದು ಊದಿದ್ರೆ ಕಡ್ಡಿ ಆರಲ್ಲ ಅಂತ್ಲೂ ಗೊತ್ತಿತ್ತು. ಬೇಕು ಅಂತ್ಲೇ ಕೆನ್ನೇಲಿ ಊದಿದೆ."

ನನಗೆ ತಲೆ ಬುಡ ಗೊತ್ತಾಗಲಿಲ್ಲ. "ಯಾಕ್ರೀ? ಒಳಗೆ ಡಾಕ್ಟ್ರ ಹತ್ರ ಗುಟ್ಟಾಗಿ ಹೇಳಬಹುದಾಗಿತ್ತಲ್ಲ."

"ಡಾಕ್ಟ್ರಿಗೆ ಹೇಳಿದ್ರೆ ನಿಮಗೆ ಹೇಳಿದ ಹಾಗೆ. ನಿಮಗೆ ಹೇಳಿದ್ರೆ ಬೆಂಚಿಗೆ ಹೇಳಿದ ಹಾಗೆ." ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ನಗುವೇ ಇತ್ತು. "ಮೊಸರಿನ ಬಸವಲಿಂಗಮ್ಮ ಜ್ಞಾಪಕ ಇದಾಳಾ? ಅದಕ್ಕೆ ಒಂದು ತಿಂಗಳ ಮುಂಚೆ, ನೀವು ಅವಳಿಗೆ ಹೇಳಿದಾಗ, ಮಗಳ ಜ್ವರದ ಔಷಧಿಗೆ ಬಂದು ನಾನು ಆ ಬೆಂಚ್ ಮೇಲೇ ಕೂತಿದ್ದೆ. ನಂಗೆ ಎರಡು ಹೆಣ್ಣುಮಕ್ಕಳಿದ್ರು ಸ್ವಾಮಿ. ಎದೆ ಹೋದ್ರೆ ಹೋಗ್ಲಿ ಅನ್ನಿಸ್ತು. ನೀವು ಗಿರಣಿ ಅಂತ ಕೂಗಿದ್ರಲ್ಲ, ಅದರಲ್ಲೇ ಎರಡು ಮದುವೆ ಮಾಡಿ ಮುಗಿಸಿದೆ."

ಬಸವಲಿಂಗಮ್ಮ ಜ್ಞಾಪಕ ಇದ್ಲು. ಹೊಸಕೆರೆಹಳ್ಳಿಯವಳು, ತಲೆ ಮೇಲೆ ಮೊಸರಿನ ಗಡಿಗೆ ಹೊತ್ತು ಜಯನಗರದ ಮನೆಮನೆಗೆ ಕೊಡೋಳು. ತಿಂಗಳಾದ್ರೂ ಕೆಮ್ಮು ಹೋಗಿಲ್ಲ ಅಂತ ಬಂದಿದ್ಲು. ನಾನು ಕೌಂಟರಿನಿಂದಲೇ, "ಬಸವಲಿಂಗಮ್ಮಾ, ಟೀಬಿ ಇರಬಹುದಂತೆ, ಕಫ ಪರೀಕ್ಷೆಗೆ ಕೊಡು," ಅಂತ ಕೂಗಿ ಡಬ್ಬಿ ಕೊಟ್ಟಿದ್ದೆ. ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತಾರೆ, ರೋಗ ಮುಚ್ಚಿಡಬಾರದು ಅಂತ ನನ್ನ ಸಮರ್ಥನೆ ಬೇರೆ. ವಾರದ ಮೇಲೆ ರಿಪೋರ್ಟ್ ಬಂತು, ಕಫದಲ್ಲಿ ಏನೂ ಇಲ್ಲ ಅಂತ. ಅವಳು ತಗೊಂಡು ಹೋಗೋಕೆ ಬರಲಿಲ್ಲ. ನಾನು ಅದನ್ನ ಡ್ರಾಯರಿಗೆ ಹಾಕಿದೆ. ಟೀಬಿ ಅಂತ ಕೂಗಿದವನು, ಇಲ್ಲ ಅನ್ನೋದನ್ನ ಮಾತ್ರ ಯಾರಿಗೂ ಕೂಗಿ ಹೇಳಿರಲಿಲ್ಲ.

ಮಾರನೇ ಭಾನುವಾರ ಸೈಕಲ್ ತುಳ್ಕೊಂಡು ಹೊಸಕೆರೆಹಳ್ಳಿಗೆ ಹೋದೆ. ಕೆರೆ ದಂಡೆಯ ಬೀದೀಲಿ ಒಬ್ಬ ಹೆಂಗಸು ಮನೆ ಮುಂದೆ ರಾಗಿ ಕೇರ್ತಿದ್ಲು. ಮೊಸರಿನ ಬಸವಲಿಂಗಮ್ಮನ ಮನೆ ಯಾವುದು ಅಂತ ಕೇಳಿದೆ.

"ಅವಳೆಲ್ಲಿ ಅವ್ಳೆ ಈಗ? ಒಬ್ರೂ ಮೊಸ್ರು ತಗೊಳ್ಳಿಲ್ಲ ಅಂತ ಎಮ್ಮೆ ಮಾರ್ಕೊಂಡು ಎತ್ಲಾಗೋ ಹೋಗಿ ಏಳು ವರ್ಸ ಆಯ್ತು. ಟೀಬಿ ಇತ್ತಲ್ಲ ಅವಳಿಗೆ."

"ಇರಲಿಲ್ಲಮ್ಮ," ಅಂದೆ. "ಪರೀಕ್ಷೆ ಮಾಡಿಸಿದ್ರು. ಏನೂ ಇರಲಿಲ್ಲ ಅವಳಿಗೆ."

ಅವಳು ಮೊರ ಕೆಳಗಿಟ್ಟು ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು.

"ನಿಮಗೆ ಗೊತ್ತಿಲ್ಲ ಬಿಡಿ ಸ್ವಾಮಿ," ಅಂದ್ಲು. "ಜಯನಗರದ ಕಾಂಪೌಂಡ್ರೇ ಹೇಳಿದ್ದಂತೆ."